ಹರಿಹರದ ಮಗು, ದಾವಣಗೆರೆಯ ಶಾಲೆ

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್. ಕಾಲೇಜಿಗೆ ಹೋಗುವವರಿಗೆ, ಆಸ್ಪತ್ರೆಗೆ ಬರುವವರಿಗೆ, ಮದುವೆ ಜವಳಿಗೆಂದು ಹೊರಟವರಿಗೆ ಇದೊಂದು ದೂರವೇ ಅಲ್ಲ. ಆದರೆ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಓದಿಗೆ ಇದು ಬಹಳ ದೂರ ಎಂಬುದು ನನ್ನ ವಾದ. ಪ್ರಯಾಣದ ದಣಿವು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದು ಇರಲಿ. ಈ ಮಕ್ಕಳು ಕಲಿಯುವ ರೀತಿಗೇ ದೂರ ಅಡ್ಡ ಬರುತ್ತದೆ. ಅದರ ಬಗ್ಗೆ ನಾವು ಮಾತಾಡುವುದು ಕಡಿಮೆ.

ವಿಶೇಷ ಶಾಲೆಯಲ್ಲಿ ಅಂಗಿ ತೊಡುವುದನ್ನು ಹೇಗೆ ಕಲಿಸುತ್ತಾರೆ ನೋಡಿ. ನಮಗೆ ಅದು ಒಂದೇ ಕೆಲಸ. ವಿಶೇಷ ಶಿಕ್ಷಕಿಗೆ ಅದು ಎಂಟು ಹತ್ತು ಸಣ್ಣ ಕೆಲಸಗಳು: ಅಂಗಿಯ ಹಿಂದು ಮುಂದು ಗುರುತಿಸುವುದು, ತಲೆ ತೂರಿಸುವುದು, ಒಂದೊಂದೇ ತೋಳು ಹಾಕುವುದು, ಕೊನೆಗೆ ಹೊಟ್ಟೆಯ ಮೇಲೆ ಎಳೆದುಕೊಳ್ಳುವುದು. ಎಷ್ಟೋ ಸಲ ಕಲಿಕೆ ಕೊನೆಯಿಂದ ಶುರುವಾಗುತ್ತದೆ. ಉಳಿದದ್ದನ್ನೆಲ್ಲ ಶಿಕ್ಷಕಿಯೇ ಮಾಡಿ, ಕಡೆಯ ಎಳೆತವನ್ನು ಮಾತ್ರ ಮಗುವಿಗೆ ಬಿಡುತ್ತಾರೆ. ಕೆಲಸ ಮುಗಿಸಿದ ಖುಷಿ ಮಗುವಿಗೆ ಮೊದಲ ದಿನವೇ ಸಿಗಲಿ ಎಂಬುದು ಲೆಕ್ಕ. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಹಲ್ಲುಜ್ಜುವುದು, ಊಟ ಮಾಡುವುದು, ಶೌಚಕ್ಕೆ ಹೋಗಬೇಕೆಂದು ತಿಳಿಸುವುದು ಎಲ್ಲಕ್ಕೂ ಹೀಗೇ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಇಲ್ಲೊಂದು ತೊಡಕಿದೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಬರುವುದಿಲ್ಲ. ಶಾಲೆಯ ನಲ್ಲಿಯಲ್ಲಿ ಕೈ ತೊಳೆಯುವ ಹುಡುಗ ಮನೆಯ ಬಚ್ಚಲಿನ ತಂಬಿಗೆಯ ಮುಂದೆ ಸುಮ್ಮನೆ ನಿಂತುಬಿಡಬಹುದು. ತರಗತಿಯ ಆಟದ ಅಂಗಡಿಯಲ್ಲಿ ಹತ್ತರ ನೋಟು ಗುರುತಿಸಿದ ಹುಡುಗಿಗೆ ತನ್ನ ಬೀದಿಯ ಅಂಗಡಿಯಲ್ಲಿ ಮಂಡಕ್ಕಿ ಕೊಳ್ಳುವುದು ಬೇರೆಯೇ ಪಾಠ. ಆದ್ದರಿಂದ ಪಾಠ ಮನೆಗೂ ಬೀದಿಗೂ ಬರಬೇಕು, ತಾಯಿ ಅದನ್ನು ಕಣ್ಣಾರೆ ನೋಡಿರಬೇಕು, ಸಂಜೆ ಮನೆಯಲ್ಲಿ ಅದೇ ಕ್ರಮದಲ್ಲಿ ಮಾಡಿಸಬೇಕು. ಶಾಲೆ ಬೇರೆ ಊರಿನಲ್ಲಿದ್ದರೆ ಈ ಕೊಂಡಿ ಕಳಚುತ್ತದೆ.

ದಾವಣಗೆರೆಗೆ ಒಂದು ಅನುಕೂಲವಿದೆ. ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ಅಂಗವಿಕಲರ ಸಬಲೀಕರಣ ಸಂಸ್ಥೆಯ ಅಧೀನದಲ್ಲಿ 2017ರಿಂದ ಇಲ್ಲಿ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಬಲ್ಲವರು ಸಿಆರ್‌ಸಿ ಎನ್ನುತ್ತಾರೆ. ಮಕ್ಕಳ ತಜ್ಞರಿಗೂ ಊರಲ್ಲಿ ಬರವಿಲ್ಲ. ಹಾಗಾದರೆ ಹರಿಹರದವರು ಇಲ್ಲಿಗೇ ಬರಲಿ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ಟೂ ಬೇಕಿಲ್ಲವಲ್ಲ ಎನ್ನಬಹುದು. ಟಿಕೆಟ್ ಉಚಿತವಾಯಿತು, ದಿನ ಉಚಿತವಾಗಲಿಲ್ಲ. ಮಗುವನ್ನು ಬಿಟ್ಟು ಹಿಂದಿರುಗಿ ಮತ್ತೆ ಕರೆತರಲು ಹೋಗುವ ತಾಯಿ ನಾಲ್ಕು ಸಲ ಬಸ್ಸು ಹತ್ತಬೇಕು; ಇಲ್ಲವೇ ಶಾಲೆಯ ಗೇಟಿನ ಬಳಿ ಸಂಜೆಯವರೆಗೆ ಕೂರಬೇಕು. ಎರಡರಲ್ಲಿ ಯಾವುದಾದರೂ ಅವಳ ದಿನದ ಕೂಲಿ ಹೋಯಿತು. ತಿಂಗಳಿಗೊಮ್ಮೆ ತಜ್ಞರನ್ನು ಕಾಣಲು ಇದನ್ನು ತಾಳಬಹುದು, ದಿನನಿತ್ಯದ ಅಭ್ಯಾಸಕ್ಕೆ ಸಾಧ್ಯವಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕೆನ್ನುವ ಕಾಲದಲ್ಲಿ ಪ್ರತ್ಯೇಕ ಶಾಲೆಯೇಕೆ, ಅದು ಮಕ್ಕಳನ್ನು ದೂರ ಇಡುವ ಸಭ್ಯ ವಿಧಾನವಲ್ಲವೇ ಎಂಬ ಪ್ರಶ್ನೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಊರಾಚೆ ಕಾಂಪೌಂಡು ಕಟ್ಟಿ ಮಕ್ಕಳನ್ನು ಕೂಡಿಹಾಕಿದ ಇತಿಹಾಸ ಜಗತ್ತಿನಲ್ಲೆಲ್ಲ ಇದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡು ದಾರಿಗಳನ್ನೂ ತೆರೆದಿಟ್ಟಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗು 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯಬಹುದು, ಆಯ್ಕೆ ಮಗುವಿನದು ಎನ್ನುತ್ತದೆ ಅದರ 31ನೇ ಸೆಕ್ಷನ್. ನೆರೆಹೊರೆಯ ಶಾಲೆಯಲ್ಲಿ ವಿಶೇಷ ಶಿಕ್ಷಕರಿಲ್ಲದಿದ್ದರೆ ಆಯ್ಕೆ ಕಾಗದದ ಮೇಲೇ ಉಳಿಯುತ್ತದೆ. ಅಂಥ ಶಿಕ್ಷಕರ ಕಾಯಂ ಹುದ್ದೆಗಳು ಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ ಹದಿನೈದಕ್ಕೆ ಒಬ್ಬರು ಎಂಬ ಅನುಪಾತವನ್ನು ಕೇಂದ್ರ 2022ರಲ್ಲಿ ನಿಗದಿಪಡಿಸಿತು. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಹುದ್ದೆಗಳನ್ನು ಪ್ರಕಟಿಸಿ ಎಂದು ರಾಜ್ಯಗಳಿಗೆ ಗಡುವು ಕೊಡಬೇಕಾಯಿತು. ಆ ಹುದ್ದೆಗಳು ತುಂಬುವವರೆಗೆ ಹಾಜರಿ ಪುಸ್ತಕದಲ್ಲಿ ಹೆಸರು, ಹಿಂದಿನ ಬೆಂಚಿನಲ್ಲಿ ಮಗು. ಇದನ್ನು ಒಳಗೊಳ್ಳುವಿಕೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ತಾಲ್ಲೂಕಿಗೊಂದು ವಿಶೇಷ ಶಾಲೆ ಎಂದರೆ ಖರ್ಚೆಷ್ಟು, ತಜ್ಞರೆಲ್ಲಿ ಎಂದು ಕೇಳುವವರಿಗೂ ಉತ್ತರವಿದೆ. ವಾಕ್ ಚಿಕಿತ್ಸಕರು, ಫಿಸಿಯೋಥೆರಪಿಸ್ಟರು, ಮನಶ್ಶಾಸ್ತ್ರಜ್ಞರು ದಿನವೂ ಬೇಕಿಲ್ಲ. ಅವರು ದಾವಣಗೆರೆಯಲ್ಲೇ ಇದ್ದು ಗೊತ್ತಾದ ದಿನ ಹರಿಹರಕ್ಕೆ ಬಂದರೆ ಸಾಕು. ಹತ್ತಾರು ಮಕ್ಕಳು ಅವರಲ್ಲಿಗೆ ಹೋಗುವುದಕ್ಕಿಂತ ಇಬ್ಬರು ತಜ್ಞರು ಮಕ್ಕಳಲ್ಲಿಗೆ ಬರುವುದು ಅಗ್ಗ. ದಿನವೂ ಬೇಕಾದವರು ತರಬೇತಾದ ವಿಶೇಷ ಶಿಕ್ಷಕರು, ಜೊತೆಗೊಬ್ಬ ಆಯಾ. ಸಮನ್ವಯ ಶಿಕ್ಷಣಕ್ಕೆಂದು ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರು, ಶಾಲಾ ಸಿದ್ಧತಾ ಕೇಂದ್ರ, ಗೃಹಾಧಾರಿತ ಶಿಕ್ಷಣ ಎಂಬ ವ್ಯವಸ್ಥೆಗಳು ನಮ್ಮ ಶಿಕ್ಷಣ ಇಲಾಖೆಯಲ್ಲಿ ಈಗಾಗಲೇ ಇವೆ. ಹೊಸದಾಗಿ ಶುರು ಮಾಡಬೇಕಾದದ್ದು ಕಡಿಮೆ. ಇರುವುದನ್ನು ದಿನದ ಶಾಲೆಯಾಗಿ ಬೆಳೆಸಬೇಕು.

ಕೆಲವು ತಂದೆತಾಯಿಯರಿಗೆ ದೂರವೇ ಬೇಕೆನಿಸುತ್ತದೆ ಎಂಬುದೂ ನಿಜ. ನೆಂಟರ ಪ್ರಶ್ನೆ, ಅಕ್ಕಪಕ್ಕದವರ ನೋಟ, ಇನ್ನೊಬ್ಬ ಮಗಳ ಮದುವೆಯ ಚಿಂತೆ. ಹಾಸ್ಟೆಲ್ ಇರುವ ಶಾಲೆಗೆ ಸೇರಿಸಿದರೆ ಮಗುವೂ ಕ್ಷೇಮ, ಮನೆಯೂ ನೆಮ್ಮದಿ ಎಂದುಕೊಳ್ಳುವ ಅವರನ್ನು ದೂಷಿಸಲು ನಮಗೆ ಯಾವ ಹಕ್ಕೂ ಇಲ್ಲ. ಆದರೆ ಉಚಿತ ಶಿಕ್ಷಣದ ಹಕ್ಕು 18ಕ್ಕೆ ಮುಗಿಯುತ್ತದೆ. ಕಾನೂನಿನ ಪ್ರಕಾರ ಅದೇ ವಯಸ್ಸಿಗೆ ಹಾಸ್ಟೆಲ್ ಸೇರಿದ ಹುಡುಗ ವಯಸ್ಕ; ತಂದೆತಾಯಿಯೇ ಆಗಲಿ ಅವನ ಪರವಾಗಿ ಸಹಿ ಹಾಕಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯಿಂದ ಪೋಷಕತ್ವ ಪಡೆಯಬೇಕು. ಆಗ ಹುಡುಗ ಮರಳುವುದು ತನ್ನ ಬೀದಿಗೇ. ಆ ಬೀದಿಗೆ ಅವನು ಯಾರೆಂದೇ ಗೊತ್ತಿರುವುದಿಲ್ಲ. ಹತ್ತು ವರ್ಷ ಅದೇ ಬೀದಿಯಲ್ಲಿ ಶಾಲೆಗೆ ನಡೆದ ಹುಡುಗನ ಕಥೆ ಬೇರೆ: ಅಂಗಡಿಯವನಿಗೆ ಅವನ ತೊದಲು ಮಾತು ಅರ್ಥವಾಗುತ್ತದೆ, ದಾರಿ ತಪ್ಪಿದರೆ ಆಟೋದವನು ಮನೆಗೆ ತಂದು ಬಿಡುತ್ತಾನೆ. ಈ ಪರಿಚಯವನ್ನು ಯಾವ ಹಾಸ್ಟೆಲ್ಲೂ ಕಲಿಸಿಕೊಡಲಾರದು.

ಆದ್ದರಿಂದ ಹರಿಹರದಲ್ಲೇ, ನಡೆಯುತ್ತಿರುವ ಒಂದು ಸರ್ಕಾರಿ ಶಾಲೆಯ ಆವರಣದಲ್ಲಿ, ಎರಡು ಕೋಣೆ ಬಿಡಿಸಿಕೊಟ್ಟು ಶುರು ಮಾಡಬಹುದು. ಪಾಠ ಬೇರೆ ನಡೆಯಲಿ. ಪ್ರಾರ್ಥನೆ, ಬಿಸಿಯೂಟ, ಆಟದ ಬಯಲು ಎಲ್ಲರಿಗೂ ಒಂದೇ ಇರಲಿ. ತಾಯಂದಿರು ವಾರಕ್ಕೊಂದು ದಿನ ತರಗತಿಯಲ್ಲಿ ಕೂರಲಿ, ಶಿಕ್ಷಕರು ತಿಂಗಳಿಗೊಮ್ಮೆ ಮನೆಗೆ ಹೋಗಿ ಅಲ್ಲಿನ ಬಚ್ಚಲು, ಮೆಟ್ಟಿಲು ನೋಡಿ ಬರಲಿ. ಇನ್ನು ಕೋಣೆ ಆರಿಸುವಾಗ, ಶೌಚಾಲಯ ಎಷ್ಟು ಹೆಜ್ಜೆ ದೂರ, ನೀರು ಬರುತ್ತದೆಯೇ, ಹಿಡಿದುಕೊಳ್ಳಲು ಸರಳು ಹಾಕಬಹುದೇ ಎಂದು ಮೊದಲು ನೋಡಿದರೆ ಒಳ್ಳೆಯದು. ಶುರುವಿನ ತಿಂಗಳುಗಳಲ್ಲಿ ಅರ್ಧ ಪಾಠ ನಡೆಯುವುದು ಅಲ್ಲೇ.