ಗುಟ್ಟಿಲ್ಲದ ಸೂಪರ್ ಹೀರೋಗಳು

(ಮಹಿಳಾ ವೇದಿಕೆಯ ಲೋಣಾವಳಾ ಪ್ರವಾಸದಲ್ಲಿ ಆಡಿದ ಮಾತುಗಳ ಬರಹ ರೂಪ)



ಭೂಶಿ ಅಣೆಕಟ್ಟಿನ ನೀರಿನಲ್ಲಿ ನೆನೆದು, ಬಿಸಿ ಕಾಂದಾ ಭಜಿ ತಿಂದು ಬಂದವರ ಮುಂದೆ ಮಾದಕ ವಸ್ತುವಿನ ಮಾತು ತೆಗೆದರೆ ರಸಭಂಗವೇ. ಆದರೂ ಹೇಳುತ್ತೇನೆ, ಏಕೆಂದರೆ ಈ ಸಂಗತಿ ಶುರುವಾದದ್ದು ಇದೇ ಊರಿನಲ್ಲಿ.

ಹೋದ ವರ್ಷ ನನ್ನ ಅಕ್ಕನ ಮಗ, ಹದಿನಾರರ ಹುಡುಗ, ಗೆಳೆಯನ ಹುಟ್ಟುಹಬ್ಬಕ್ಕೆಂದು ಇಲ್ಲಿಯ ಒಂದು ಬಂಗಲೆಗೆ ಬಂದಿದ್ದ. ಮರುದಿನ ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಮೌಶಿ, ಅಲ್ಲಿ ಒಬ್ಬಾಂವ ನಮಗ ಗುಳಿಗಿ ಕೊಡ್ಲಿಕ್ಕೆ ಬಂದಿದ್ದ" ಅಂದ. ನಾನು ಸೌಟು ಹಿಡಿದೇ ಕೂಗಾಡಿದೆ: "ಅಂಥವರ ಜೋಡಿ ಯಾಕ ಹೋದಿ? ಇನ್ನ ಮ್ಯಾಲೆ ಎಲ್ಲೂ ಹೋಗೂದು ಬ್ಯಾಡ!" ಹೆದರಿಕೆ ಆಯಿತೇನೋ ಎಂದು ಕೇಳಲೂ ಇಲ್ಲ. ಆಮೇಲೆ ಮೂರು ತಿಂಗಳು ಅವನಿಂದ "ಹೂಂ", "ಉಹೂಂ" ಇಷ್ಟೇ.

ಆಗ ಅವನು ಓದುತ್ತಿದ್ದ ಕಾಮಿಕ್ಸ್ ನನ್ನ ಕೈಗೆ ಸಿಕ್ಕಿತು. "ಕ್ಲೋಕ್ ಆಂಡ್ ಡ್ಯಾಗರ್" ಎಂಬ ಜೋಡಿಯ ಕಥೆ. ಬಿಲ್ ಮ್ಯಾಂಟ್ಲೊ ಮತ್ತು ಎಡ್ ಹ್ಯಾನಿಗನ್ 1982ರಲ್ಲಿ ಮಾರ್ವೆಲ್‌ಗಾಗಿ ಸೃಷ್ಟಿಸಿದ್ದು. ಟೈರೋನ್ ಮತ್ತು ಟ್ಯಾಂಡಿ ಮನೆ ಬಿಟ್ಟು ನ್ಯೂಯಾರ್ಕಿಗೆ ಓಡಿಬಂದ ಹದಿಹರೆಯದವರು. ದುಷ್ಟರು ಅವರನ್ನು ಹಿಡಿದು ಹೊಸದೊಂದು ಮಾದಕವನ್ನು ಅವರ ಮೇಲೆ ಪ್ರಯೋಗಿಸುತ್ತಾರೆ. ಬೇರೆ ಮಕ್ಕಳು ಸಾಯುತ್ತಾರೆ. ಇವರಿಬ್ಬರಿಗೆ ಕತ್ತಲೆ, ಬೆಳಕುಗಳ ಶಕ್ತಿ ಬರುತ್ತದೆ. ಅಲ್ಲಿಂದ ಮಾದಕ ಮಾರುವವರ ಬೇಟೆ ಶುರು.

ಹೊಡೆದಾಟದ ಪುಟಗಳನ್ನು ಬೇಗ ಬೇಗ ತಿರುವಿದೆ. ಅವರು ಮನೆ ಬಿಟ್ಟ ಕಾರಣ ಓದಿದಾಗ ಕೈ ನಿಂತಿತು. ಟೈರೋನ್‌ಗೆ ಉಗ್ಗು. ಗೆಳೆಯ ತಪ್ಪು ಮಾಡಿಲ್ಲವೆಂದು ಹೇಳಲು ಬಾಯಿ ಬರದೆ, ಆ ಗೆಳೆಯ ಪೊಲೀಸನ ಗುಂಡಿಗೆ ಬಲಿಯಾಗಿದ್ದ. ಟ್ಯಾಂಡಿಯ ತಾಯಿ ಹೆಸರಾಂತ ರೂಪದರ್ಶಿ. ಮಗಳಿಗಾಗಿ ಆಕೆಗೆ ಪುರುಸೊತ್ತಿಲ್ಲ. ಒಬ್ಬನಿಗೆ ಹೇಳಲಾಗಲಿಲ್ಲ, ಇನ್ನೊಬ್ಬಳ ಮಾತು ಕೇಳುವವರಿರಲಿಲ್ಲ. ನಮ್ಮ ಹುಡುಗ ಹೇಳಿದ್ದ. ಕೇಳದವಳು ನಾನು.

ಆ ರಾತ್ರಿ ಅವನ ಹತ್ತಿರ ಕೂತು ತಪ್ಪಾಯಿತು ಎಂದೆ. ಆಗ ಉಳಿದದ್ದು ಹೊರಬಂತು: ಅವನು ತೆಗೆದುಕೊಂಡಿರಲಿಲ್ಲ, ಅವನ ಗೆಳೆಯ ತೆಗೆದುಕೊಂಡಿದ್ದ, ಇನ್ನೂ ತೆಗೆದುಕೊಳ್ಳುತ್ತಿದ್ದ. ಮೂರು ತಿಂಗಳು ಈ ಭಾರವನ್ನು ಹುಡುಗನೊಬ್ಬನೇ ಹೊತ್ತಿದ್ದ. ಮರುದಿನ ಆ ಗೆಳೆಯನ ತಾಯಿಯ ಮನೆಗೆ ಹೋದೆವು. ಅವರ ಮೊದಲ ಮಾತು, "ಪೊಲೀಸ್ ಕೇಸ್ ಆಗತದೇನ್ರಿ?"

ಈ ಭಯದಿಂದಲೇ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಳ್ಳುತ್ತವೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಓದಿ. ಸ್ವಂತ ಸೇವನೆಗೆ ಅಥವಾ ಅಲ್ಪ ಪ್ರಮಾಣಕ್ಕಾಗಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯಿದೆ; ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ಪುಣೆಯವರಿಗೆ ದಾರಿ ಹತ್ತಿರದಲ್ಲೇ ಇದೆ. ಮನೋವೈದ್ಯೆ ಡಾ. ಸುನಂದಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿ, ಪು.ಲ. ದೇಶಪಾಂಡೆಯವರ ನೆರವಿನಿಂದ, 1986ರಲ್ಲಿ ಇಲ್ಲಿ "ಮುಕ್ತಾಂಗಣ" ವ್ಯಸನಮುಕ್ತಿ ಕೇಂದ್ರ ಕಟ್ಟಿದರು. ಸಲಹೆಗೆ 14446, ಮಾರುವವರ ಬಗ್ಗೆ ಮಾಹಿತಿ ಕೊಡಲು 1933. ಎರಡನ್ನೂ ಈಗಲೇ ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ.

ಮಾರುವವನನ್ನು ಹಿಡಿಯುವುದು ಪೊಲೀಸರ ಕೆಲಸ, ಮಕ್ಕಳದ್ದಲ್ಲ. ಕಾಮಿಕ್ಸಿನ ಹೀರೋಗಳು ಗುಟ್ಟಾಗಿ ಹೋರಾಡುತ್ತಾರೆ. ನಮ್ಮ ಮಕ್ಕಳಿಗೆ ಆ ಗುಟ್ಟೇ ಅಪಾಯ. ಆ ಗೆಳೆಯ ಈಗ ಚಿಕಿತ್ಸೆಯಲ್ಲಿದ್ದಾನೆ. ನಡುವೆ ಒಮ್ಮೆ ಜಾರಿದ, ಮತ್ತೆ ಹೋದ. ಅವನನ್ನು ಅಲ್ಲಿಗೆ ಮುಟ್ಟಿಸಿದ್ದು ಹದಿನಾರರ ಹುಡುಗ ಬಾಯಿಬಿಟ್ಟು ಆಡಿದ ಮಾತು.

ಮನೆಗೆ ಮಗನ್‌ಲಾಲ್ ಚಿಕ್ಕಿ ಒಯ್ಯುತ್ತೀರಲ್ಲ, ಮಕ್ಕಳ ಜೊತೆ ಕೂತು ತಿನ್ನಿ. ಅವರು ಏನಾದರೂ ಹೇಳಲು ಬಂದರೆ, ಒಲೆ ಆರಿಸಿ ಕೇಳಿ.