ಗಡಿಯ ಜಗಳದಲ್ಲಿ ಮಿಂಬರ್ ಯಾರ ಕಡೆ?
(ಜುಮಾ ಖುತ್ಬಾದ ಸಾರಾಂಶ)



ಕಳೆದ ವಾರ ನಮಾಝ್ ಮುಗಿದ ಮೇಲೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ನಮ್ಮನ್ನು ತಡೆದು ಕೇಳಿದ: “ಹಝ್ರತ್, ಎರಡು ದೇಶಗಳು ನೆಲಕ್ಕಾಗಿ ಹೊಡೆದಾಡುವಾಗ ಧರ್ಮಗುರುಗಳಿಂದ ಏನಾದೀತು? ಅವರ ಬಳಿ ಸೈನ್ಯವಿಲ್ಲವಲ್ಲ?” ಒಳ್ಳೆಯ ಪ್ರಶ್ನೆ. ಅಂದು ನಾವು ಸರಿಯಾಗಿ ಉತ್ತರಿಸಲಿಲ್ಲ. ಇಂದು ಪ್ರಯತ್ನಿಸುತ್ತೇವೆ.

ಮೊದಲು ನಮ್ಮವರದೇ ಮಾತು. ಟೈಗ್ರಿಸ್ ಮತ್ತು ಯೂಫ್ರಟಿಸ್ ಸೇರಿ ಕೊಲ್ಲಿಗೆ ಹರಿಯುವ ನದಿಗೆ ಶತ್ತುಲ್ ಅರಬ್ ಎಂದು ಹೆಸರು. ಅದರ ಕೆಳಭಾಗದಲ್ಲಿ ಒಂದು ದಡ ಇರಾಕಿನದು, ಇನ್ನೊಂದು ಇರಾನಿನದು. ಹಡಗು ಸಾಗುವ ಆಳದ ಕಾಲುವೆಯ ನಡುವೆಯೇ ಗಡಿ ಎಂದು 1975ರಲ್ಲಿ ಅಲ್ಜೀರ್ಸ್‌ನಲ್ಲಿ ಒಪ್ಪಂದವಾಯಿತು. 1980ರ ಸೆಪ್ಟೆಂಬರಿನಲ್ಲಿ ಸದ್ದಾಮ್ ಹುಸೇನ್ ಆ ಒಪ್ಪಂದ ರದ್ದಾಯಿತೆಂದು ಸಾರಿ ಯುದ್ಧಕ್ಕಿಳಿದರು. ಅವರು ತಮ್ಮ ಯುದ್ಧಕ್ಕೆ ಖಾದಿಸಿಯ್ಯಾದ ಹೆಸರಿಟ್ಟರು. ಇರಾನ್ ತನ್ನ ದಾಳಿಗಳಿಗೆ ಕರ್ಬಲಾದ ಹೆಸರಿಟ್ಟಿತು. ಎರಡೂ ಕಡೆ ಅದೇ ಕಲಿಮಾ, ಅದೇ ಕಿಬ್ಲಾ; ಎರಡೂ ಕಡೆಯ ಮಿಂಬರುಗಳಿಂದ ಜಯಕ್ಕಾಗಿ ದುಆ. ಇಸ್ಲಾಮೀ ರಾಷ್ಟ್ರಗಳ ಸಂಘಟನೆ ಶಾಂತಿ ಸಮಿತಿಯನ್ನು ಕಳಿಸಿತು, ಫಲಿಸಲಿಲ್ಲ. ಎಂಟು ವರ್ಷಗಳಲ್ಲಿ ಲಕ್ಷಾಂತರ ಜನ ಸತ್ತರು. 1990ರಲ್ಲಿ ಸದ್ದಾಮರೇ 1975ರ ಗಡಿಯನ್ನು ಮತ್ತೆ ಒಪ್ಪಿಕೊಂಡರು. ಇಷ್ಟು ಹೇಳುವುದಕ್ಕೇ ನಮಗೆ ನಾಚಿಕೆಯಾಗುತ್ತದೆ.

ಇನ್ನು ಬೇರೆಯವರ ಮಾತು. ಒಳ್ಳೆಯದು ಯಾರ ಮನೆಯಲ್ಲಿದ್ದರೂ ಅದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚ ಬೇಡ.

ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ ಬೀಗಲ್ ಎಂಬ ಜಲಸಂಧಿ. ಅದರ ಬಾಯಲ್ಲಿ ಪಿಕ್ಟನ್, ಲೆನಾಕ್ಸ್, ನುಯೇವಾ ಎಂಬ ಮೂರು ದ್ವೀಪಗಳು. ಅಲ್ಲಿ ಚಳಿ, ಗಾಳಿ ಬಿಟ್ಟರೆ ಹೆಚ್ಚೇನಿಲ್ಲ. ಆದರೆ ದ್ವೀಪ ಯಾರದೋ ಸುತ್ತಲಿನ ಸಮುದ್ರದ ಮೇಲಿನ ಹಕ್ಕು ಅವರದಾಗುತ್ತದೆ ಎಂದು ಚಿಲಿಯೂ ಅರ್ಜೆಂಟೀನಾವೂ ಪಟ್ಟು ಹಿಡಿದವು. 1977ರಲ್ಲಿ ಪಂಚಾಯ್ತಿಯ ತೀರ್ಪು ದ್ವೀಪಗಳನ್ನು ಚಿಲಿಗೆ ಕೊಟ್ಟಿತು. ಅರ್ಜೆಂಟೀನಾದ ಸೇನಾಡಳಿತ ಅದನ್ನು ಒಪ್ಪಲಿಲ್ಲ. 1978ರ ಡಿಸೆಂಬರಿನಲ್ಲಿ ಹಡಗುಗಳು ಹೊರಟೇಬಿಟ್ಟವು.

ಎರಡೂ ಕ್ಯಾಥೊಲಿಕರೇ ಹೆಚ್ಚಿರುವ ದೇಶಗಳು. ಪೋಪ್ ಎರಡನೇ ಜಾನ್ ಪಾಲ್ ಆ ಸ್ಥಾನಕ್ಕೆ ಬಂದು ಎರಡು ತಿಂಗಳಷ್ಟೇ ಆಗಿತ್ತು. ತಮ್ಮ ಪ್ರತಿನಿಧಿಯನ್ನು ಕಳಿಸುವುದಾಗಿ ಅವರು ಎರಡೂ ಸರಕಾರಗಳಿಗೆ ತಿಳಿಸಿದರು. ಕೊನೆ ಗಳಿಗೆಯಲ್ಲಿ ದಾಳಿ ನಿಂತಿತು. ಸಮುದ್ರದಲ್ಲಿ ಎದ್ದ ಬಿರುಗಾಳಿಯೂ ನೆರವಾಯಿತು. ಗಾಳಿ ಯಾರ ಅಪ್ಪಣೆಯಲ್ಲಿದೆ ಎಂಬುದು ನಿಮಗೆ ಗೊತ್ತು.

ಬಂದವರು ಕಾರ್ಡಿನಲ್ ಅಂತೋನಿಯೊ ಸಮೊರೆ, 73 ವರ್ಷದ ವೃದ್ಧರು. ಒಂದು ರಾಜಧಾನಿಯಿಂದ ಇನ್ನೊಂದಕ್ಕೆ ಓಡಾಡಿದರು. ದ್ವೀಪ ಯಾರದೆಂಬ ಮಾತನ್ನು ಅವರು ಮೊದಲು ಎತ್ತಲಿಲ್ಲ. ಬಲ ಪ್ರಯೋಗಿಸುವುದಿಲ್ಲ ಎಂಬ ಮಾತನ್ನಷ್ಟೇ ಇಬ್ಬರಿಂದಲೂ ಪಡೆದರು. 1979ರ ಜನವರಿ 8ರಂದು ಮೊಂಟೆವಿಡಿಯೊದಲ್ಲಿ ಅದಕ್ಕೆ ಸಹಿ ಬಿತ್ತು. ಆಮೇಲೆ ವ್ಯಾಟಿಕನ್ನಿನಲ್ಲಿ ವರ್ಷಗಟ್ಟಲೆ ಮಾತುಕತೆ. ಪೋಪ್ ಮುಂದಿಟ್ಟ ಸಲಹೆಯನ್ನು ಚಿಲಿ ಒಪ್ಪಿತು, ಅರ್ಜೆಂಟೀನಾ ಉತ್ತರವನ್ನೇ ಕೊಡಲಿಲ್ಲ. 1983ರಲ್ಲಿ ಸಮೊರೆ ತೀರಿಕೊಂಡರು. ಕೆಲಸ ಮುಗಿದದ್ದನ್ನು ಅವರು ನೋಡಲಿಲ್ಲ.

ಎಲ್ಲವೂ ಧರ್ಮಗುರುಗಳಿಂದಲೇ ಆಯಿತು ಎಂದರೆ ಅದು ಸುಳ್ಳಾಗುತ್ತದೆ. ಅರ್ಜೆಂಟೀನಾದ ಸೈನ್ಯಾಧಿಕಾರಿಗಳು 1982ರಲ್ಲಿ ಬ್ರಿಟನ್ನಿನ ಎದುರು ಸೋತರು, ಅಧಿಕಾರ ಕಳೆದುಕೊಂಡರು. ಹೊಸ ಸರಕಾರ ಜನರನ್ನೇ ಕೇಳಿತು. ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 82 ಮಂದಿ ಒಪ್ಪಂದ ಬೇಕೆಂದರು. 1984ರ ನವೆಂಬರ್ 29ರಂದು ಸಹಿಯಾಯಿತು. ದ್ವೀಪಗಳು ಚಿಲಿಗೆ, ಸಮುದ್ರದ ಹೆಚ್ಚಿನ ಪಾಲು ಅರ್ಜೆಂಟೀನಾಕ್ಕೆ. ಅದೇ ಅರ್ಜೆಂಟೀನಾದಲ್ಲಿ ಸೇನಾಡಳಿತದ ದೌರ್ಜನ್ಯವನ್ನು ಸಮರ್ಥಿಸಿದ ಪಾದ್ರಿಗಳೂ ಇದ್ದರು ಎಂಬುದನ್ನು ಮರೆಯಬಾರದು. ಆದರೂ ಆರು ವರ್ಷ ಫಿರಂಗಿ ಸುಮ್ಮನಿತ್ತಲ್ಲ, ಅದು ಸಣ್ಣದೇ? ಇಂದು ಆ ಎರಡು ದೇಶಗಳ ನಡುವಿನ ಒಂದು ಬೆಟ್ಟದ ದಾರಿಗೆ ಸಮೊರೆಯವರದೇ ಹೆಸರಿದೆ.

ಸಹೋದರರೇ, ಇದನ್ನು ಓದುವಾಗ ನಮಗೆ ಕಅಬಾದ ಘಟನೆ ನೆನಪಾಯಿತು. ಪ್ರವಾದಿತ್ವಕ್ಕಿಂತ ಐದು ವರ್ಷ ಮೊದಲು, ಹಜರುಲ್ ಅಸ್ವದನ್ನು ಇಡುವ ಗೌರವ ತಮಗೇ ಬೇಕೆಂದು ಖುರೈಷರ ಕುಲಗಳು ಕತ್ತಿ ಹಿರಿಯಲು ಸಿದ್ಧವಾಗಿದ್ದವು. ಪ್ರವಾದಿ(ಸ)ರು ಬಟ್ಟೆ ಹಾಸಿ ಅದರ ಮೇಲೆ ಕಲ್ಲನ್ನಿಟ್ಟರು. ಒಂದೊಂದು ಅಂಚನ್ನು ಒಂದೊಂದು ಕುಲದವರು ಹಿಡಿದು ಎತ್ತಿದರು. ಆ ಜನ ಅವರ ಮಾತು ಕೇಳಿದ್ದು ಏಕೆ? ಅವರು ಅಂದಿಗೇ ಅಲ್-ಅಮೀನ್ ಆಗಿದ್ದರು. ಜಗಳ ಹುಟ್ಟಿದ ದಿನ ಸಂಪಾದಿಸಿದ ನಂಬಿಕೆ ಅದಲ್ಲ.

ಸೂರಃ ಅಲ್-ಹುಜುರಾತ್‌ನಲ್ಲಿ ಅಲ್ಲಾಹನು, ವಿಶ್ವಾಸಿಗಳ ಎರಡು ಗುಂಪುಗಳು ಕಾದಾಡಿದರೆ ನ್ಯಾಯದಿಂದ ಸಂಧಿ ಮಾಡಿಸಿರಿ ಎಂದು ಆಜ್ಞಾಪಿಸಿದ್ದಾನೆ. ಇದನ್ನು ಎಷ್ಟೋ ಸಲ ಇಲ್ಲಿ ಓದಿದ್ದೇವೆ. ಆದರೂ ನಮ್ಮ ಒಂದು ತಪ್ಪನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ, ಇಬ್ಬರು ಅಣ್ಣತಮ್ಮಂದಿರ ನಡುವೆ ಕಾಂಪೌಂಡ್ ಗೋಡೆಯ ಜಗಳವಿದ್ದಾಗ, ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನಿಗಿರುವ ಶಿಕ್ಷೆಯ ಹದೀಸನ್ನು ನಾವು ಈ ಮಿಂಬರಿನಿಂದ ಹೇಳಿದೆವು. ಹೆಸರು ಹೇಳಲಿಲ್ಲ, ಆದರೆ ಯಾರಿಗೆಂದು ಎಲ್ಲರಿಗೂ ಗೊತ್ತಾಯಿತು. ಒಬ್ಬರ ಮಾತನ್ನಷ್ಟೇ ಕೇಳಿದ್ದೆವು. ಮುಂದಿನ ವಾರದಿಂದ ಇನ್ನೊಬ್ಬರು ಬೇರೆ ಮಸೀದಿಗೆ ಹೋಗತೊಡಗಿದರು. ಹದೀಸ್ ಸತ್ಯವೇ, ಅದನ್ನು ಕಲ್ಲಿನಂತೆ ಎಸೆದದ್ದು ನಮ್ಮ ತಪ್ಪು. ಅಂದಿನಿಂದ ಆ ಮನೆಯಲ್ಲಿ ನಮ್ಮ ಮಾತಿಗೆ ಬೆಲೆಯಿರಲಿಲ್ಲ.

ಕಳೆದ ರಮಝಾನಿನಲ್ಲಿ ಅವರ ಮನೆಗೆ ಹೋಗಿ ಮಾಫಿ ಕೇಳಿದೆವು. ಚಹಾ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ಈ ತಿಂಗಳು ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ಬಂದು, ಸೋಮವಾರ ಸರ್ವೆಯವರು ಅಳತೆಗೆ ಬರುವಾಗ ನಾವೂ ಇರಬೇಕೆಂದು ಕೇಳಿದ್ದಾರೆ. ಅಳತೆ ಮುಗಿಯುವವರೆಗೆ ಗೋಡೆಗೆ ಯಾರೂ ಕೈ ಹಾಕಬಾರದು ಎಂಬ ಮಾತನ್ನಷ್ಟೇ ಇಬ್ಬರಿಂದಲೂ ಪಡೆದಿದ್ದೇವೆ. ದುಆ ಮಾಡಿರಿ.