ನೆಲದೊಳಗಣ ನೀರಿನ ಲೆಕ್ಕ

ಬಾವಿಗೆ ಎಷ್ಟು ಮಾರು ಹಗ್ಗ ಬೇಕು? ಕೋಲಾರದ ಸೀಮೆಯ ಮುದುಕರನ್ನು ಈ ಮಾತು ಕೇಳಿದರೆ, ತಮ್ಮ ಬಾಲ್ಯದಲ್ಲಿ ನಾಲ್ಕೈದು ಮಾರು ಸಾಕಾಗಿದ್ದಿತೆಂದೂ, ಹಿಂಗಾರು ಚೆನ್ನಾಗಿ ಸುರಿದ ವರ್ಷ ಬಾವಿಯ ಮೆಟ್ಟಿಲ ಮೇಲೆ ಕುಳಿತು ಕೊಡವನ್ನು ಅದ್ದಿ ತುಂಬಿಕೊಳ್ಳುತ್ತಿದ್ದೆವೆಂದೂ ಹೇಳುವರು. ಅವರ ಮೊಮ್ಮಕ್ಕಳಿಗೆ ಹಗ್ಗದ ಗೊಡವೆಯೇ ಇಲ್ಲ. ಆ ಬಾವಿಗಳಲ್ಲಿ ಈಗ ಹಾಳು ಗಿಡ ಬೆಳೆದಿರುವುದು. ಬೇಕಾದ ನೀರು ಸಾವಿರ ಅಡಿಗಿಂತಲೂ ಕೆಳಗಿನಿಂದ ಕೊಳವೆಯಲ್ಲಿ ಬರಬೇಕು, ಬಂದರೆ. ಇದು ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಮಿಗಿಲಾಗಿ ನೆಲವನ್ನು ಕೊರೆದ ಜಿಲ್ಲೆ. ಆ ಗಣಿಗಳನ್ನು 2001ರಲ್ಲಿ ಮುಚ್ಚಿದರು. ನೀರಿಗಾಗಿ ಕೊರೆಯುವ ಕೆಲಸ ಮಾತ್ರ ಹಗಲಿರುಳೂ ನಡೆದಿದೆ.

ನೆಲದೊಳಗಿನ ನೀರನ್ನು ಕುರಿತು ನಮ್ಮ ಜನರಲ್ಲಿ ಒಂದು ನಂಬಿಕೆ ಬೇರೂರಿರುವುದು. ಪಾತಾಳದಲ್ಲಿ ಗಂಗೆ ಹರಿಯುತ್ತಿರುವಳು, ಅವಳನ್ನು ಮುಟ್ಟುವ ತನಕ ಕೊರೆದರೆ ಮುಂದೆ ಬಡತನವೇ ಇಲ್ಲ ಎಂಬುದು ಆ ನಂಬಿಕೆ. ಅಂಗೈಯಲ್ಲಿ ತೆಂಗಿನಕಾಯನ್ನಿಟ್ಟುಕೊಂಡು ಹೊಲದಲ್ಲಿ ನಡೆಯುವವರು, ಕಾಯಿ ನೆಟ್ಟಗೆ ನಿಂತ ಸ್ಥಳದಲ್ಲಿ ಕೊರೆಯಿರೆಂದು ಹೇಳುವುದುಂಟು. ಅವರನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಮನೆಯ ಒಡವೆಯನ್ನು ಒತ್ತೆಯಿಟ್ಟು ಕೊರೆಯಿಸುವವನಿಗೆ ಯಾವುದಾದರೊಂದು ಧೈರ್ಯ ಬೇಕಷ್ಟೆ. ಆದರೆ ಗಂಗಾಬಯಲಿನಲ್ಲಿ ನೂರಾರು ಅಡಿ ದಪ್ಪನಾಗಿ ಹರಡಿರುವ ಮರಳುಮೆಕ್ಕಲು ಬೇರೆ. ನಮ್ಮ ಮೈಸೂರು ಪ್ರಸ್ಥಭೂಮಿಯ ನೆಲ ಬೇರೆ.

ಇಲ್ಲಿ ಮೇಲ್ಮಣ್ಣಿನ ಕೆಳಗೆ, ಬಿಸಿಲು ಮಳೆಗಳಿಂದ ಬಹುಕಾಲ ಕೊಳೆತು ಪುಡಿಯಾದ ಕಲ್ಲಿನ ಒಂದು ಪದರವಿರುವುದು. ರೈತರು ಇದನ್ನು ಗರಸು ಎನ್ನುವರು. ಇದರ ದಪ್ಪ ಕೆಲವೆಡೆ ಹತ್ತಿಪ್ಪತ್ತು ಅಡಿ, ಕೆಲವೆಡೆ ಅದರ ಮೂರು ನಾಲ್ಕರಷ್ಟು. ಅದರ ಕೆಳಗೆ ಗಟ್ಟಿಯಾದ ಗ್ರಾನೈಟು ಮತ್ತು ನೈಸು ಶಿಲೆ. ಅದರಲ್ಲಿ ಅಲ್ಲಲ್ಲಿ ಬಿರುಕುಗಳು. ಮಳೆಯ ನೀರು ಇಂಗಿ ನಿಲ್ಲುವ ನಿಜವಾದ ತೊಟ್ಟಿ ಈ ಗರಸೇ ಹೊರತು ಶಿಲೆಯಲ್ಲ. ನೀರಿನಿಂದ ತುಂಬಿದ ನೂರು ಕೊಡ ಗರಸನ್ನು ಸೋಸಿದರೆ ನಮಗೆ ದೊರೆಯುವುದು ಎರಡು ಮೂರು ಕೊಡ ನೀರು. ನೂರು ಕೊಡ ಗಟ್ಟಿಕಲ್ಲಿನಲ್ಲಿ ಅರೆಗೊಡವೂ ಸಿಕ್ಕದು. ಬಿರುಕುಗಳು ನೀರನ್ನು ಸಾಗಿಸುವ ಕಾಲುವೆಗಳು, ಕೂಡಿಡುವ ಕಣಜಗಳಲ್ಲ. ಆಳಕ್ಕೆ ಹೋದಂತೆಲ್ಲ ಅವೂ ಸಾಮಾನ್ಯವಾಗಿ ವಿರಳವಾಗಿ, ಕಿರಿದಾಗುವುವು.

ಇದನ್ನು ಮನಸ್ಸಿಗೆ ತಂದುಕೊಂಡರೆ ಊರೂರಿನಲ್ಲಿಯೂ ಕಾಣುವ ಒಂದು ಸಂಗತಿಯ ಗುಟ್ಟು ತಿಳಿಯುವುದು. ಒಬ್ಬನು ಎಂಟುನೂರು ಅಡಿ ಕೊರೆದು ಎರಡಂಗುಲ ನೀರನ್ನು ಪಡೆಯುವನು. ಆರು ತಿಂಗಳೊಳಗಾಗಿ ನೆರೆಯವನ ನಾನೂರಡಿಯ ಬಾವಿ ಬತ್ತುವುದು. ಆಳದ ಬಾವಿಗೆ ಹೊಸ ನೀರೇನೂ ಸಿಕ್ಕಲಿಲ್ಲ. ಅದೇ ಗರಸಿನ ನೀರು ಬಿರುಕುಗಳ ಮೂಲಕ ಇನ್ನೂ ಕೆಳಗಿಳಿದು ಈಚೆಯವನ ಪಾಲಾಯಿತು. ಒಂದೇ ಲೋಟಕ್ಕೆ ನಾಲ್ವರು ಹುಲ್ಲುಕಡ್ಡಿಯನ್ನಿಟ್ಟು ಹೀರುತ್ತಿರುವಾಗ ಒಬ್ಬನು ಉದ್ದನೆಯ ಕಡ್ಡಿಯನ್ನು ತಂದರೆ ಲೋಟದ ನೀರೇನೂ ಹೆಚ್ಚುವುದಿಲ್ಲ.

ಹಿಂದಿನವರು ನಮಗಿಂತ ಸಂಯಮಿಗಳಾಗಿದ್ದರೆಂದು ನಾವು ಹೇಳಲಾರೆವು. ಕಪಿಲೆಯ ಎತ್ತುಗಳು ಇಳಿಜಾರಿನಲ್ಲಿ ಮುಂದೆ ಹೋಗಿ ಹಿಂದೆ ಬರುತ್ತ, ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ದುಡಿದರೂ ಚರ್ಮದ ಬಾನಿಯಲ್ಲಿ ಬಂದ ನೀರು ಸ್ವಲ್ಪ ನೆಲವನ್ನು ಮಾತ್ರ ನೆನೆಸುತ್ತಿದ್ದಿತು. ಎತ್ತು ದಣಿದಾಗ ಬಾವಿಗೂ ವಿರಾಮ. ರಾತ್ರಿ ಒರತೆ ಕೂಡಿಕೊಂಡು ಮಾರನೆಯ ದಿನಕ್ಕೆ ಬಾವಿ ಸಿದ್ಧವಾಗುತ್ತಿದ್ದಿತು. ಎತ್ತಿನ ಬಲವೇ ಆ ಕಾಲದ ಕಾನೂನು.

ಆ ಕಾನೂನನ್ನು ಮುರಿದ ಯಂತ್ರವು ಬಂದುದು ಒಳ್ಳೆಯ ಕಾರ್ಯಕ್ಕಾಗಿಯೇ. 1966-67ರಲ್ಲಿ ಬಿಹಾರದಲ್ಲಿ ಘೋರವಾದ ಬರಗಾಲವುಂಟಾದಾಗ, ಕುಡಿಯುವ ನೀರಿಗಾಗಿ ಗಟ್ಟಿಕಲ್ಲನ್ನು ಕೊರೆಯಬಲ್ಲ ಗಾಳಿಯೊತ್ತಡದ ಯಂತ್ರಗಳನ್ನು ಯುನಿಸೆಫ್ ಸಂಸ್ಥೆಯು ವಿಮಾನದಲ್ಲಿ ತರಿಸಿತು. ಮುಂದಿನ ದಶಕದಲ್ಲಿ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ತಯಾರಾಗಿ ಹಳ್ಳಿಹಳ್ಳಿಗೂ ಹೋಯಿತು. ಎಷ್ಟೋ ತಾಯಂದಿರ ಹೊರೆಯನ್ನು ಇಳಿಸಿದ ಈ ಉಪಕಾರವನ್ನು ಮರೆಯಲಾಗದು. ಆದರೆ ಯಂತ್ರಕ್ಕೆ ಕುಡಿಯುವ ನೀರು, ಗದ್ದೆಯ ನೀರು ಎಂಬ ಭೇದ ತಿಳಿಯದು. ಕೈಪಂಪಿಗಾಗಿ ಬಂದ ವಿದ್ಯೆ ಬೇಸಾಯಕ್ಕೆ ಇಳಿಯಿತು. ನೀರಿನಲ್ಲಿ ಮುಳುಗಿಯೇ ನಡೆಯುವ ವಿದ್ಯುತ್ ಪಂಪು ಅದರ ಜೊತೆಗೂಡಿತು. 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಸರ್ಕಾರವು ವಿದ್ಯುತ್ತನ್ನು ಪುಕ್ಕಟೆಯಾಗಿ ಕೊಡತೊಡಗಿತು. ಎತ್ತಿಗಾಗುತ್ತಿದ್ದ ದಣಿವು ಈ ಯಂತ್ರಕ್ಕಿಲ್ಲ. ವಿದ್ಯುತ್ತು ಬಂದಾಗಲೆಲ್ಲ ತಾನಾಗಿಯೇ ಓಡುವಂತೆ ಗುಂಡಿಯನ್ನೊತ್ತಿ ಮಲಗುವ ರೂಢಿಯೂ ಬೆಳೆದಿದೆ.

ಇನ್ನು ಲೆಕ್ಕಕ್ಕೆ ಬರೋಣ. ಕೇಳುತ್ತಿರುವವರು ಬೇಸರಪಡದೆ ನಾಲ್ಕು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕೋಲಾರದ ಕಡೆ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರು ಮಳೆ ಬೀಳುವುದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು 4,000 ಲೀಟರು. ಆದುದರಿಂದ ಒಂದೆಕರೆಗೆ ಆಕಾಶವು ವರ್ಷಕ್ಕೆ ಕೊಡುವುದು ಹೆಚ್ಚು ಕಡಿಮೆ 29 ಲಕ್ಷ ಲೀಟರು. ಅದರಲ್ಲಿ ಬಹುಪಾಲು ಆವಿಯಾಗಿಯೂ, ಗಿಡಮರಗಳ ಮೂಲಕವೂ ಹಿಂದಕ್ಕೆ ಹೋಗುವುದು, ಸ್ವಲ್ಪ ಹರಿದುಹೋಗುವುದು. ಇಂತಹ ಕಲ್ಲುನೆಲದಲ್ಲಿ ಆಳಕ್ಕೆ ಇಂಗುವುದು ನೂರಕ್ಕೆ ಎಂಟು ಪಾಲೆಂದು ಇಟ್ಟುಕೊಂಡರೂ ಎರಡೂಕಾಲು ಲಕ್ಷ ಲೀಟರಿಗೆ ಸ್ವಲ್ಪ ಮೇಲಾಗುವುದು.

ಈಗ ಖರ್ಚು. ಐದು ಜನರ ಸಂಸಾರಕ್ಕೆ, ತಲೆಗೆ ದಿನಕ್ಕೆ 55 ಲೀಟರಿನಂತೆ, ವರ್ಷಕ್ಕೆ ಬೇಕಾಗುವುದು ಒಂದು ಲಕ್ಷ ಲೀಟರು. ಅರ್ಧ ಎಕರೆಯಲ್ಲಿ ಇಂಗಿದ ನೀರು ಒಂದು ಸಂಸಾರವನ್ನು ಸಾಕಬಲ್ಲುದು. ಆದರೆ ಬೇಸಗೆಯ ಒಂದೆಕರೆ ಭತ್ತಕ್ಕೆ 1,200 ಮಿಲಿಮೀಟರಿನಷ್ಟು ನೀರು ನಿಲ್ಲಿಸಿದರೆ 48 ಲಕ್ಷ ಲೀಟರಾಯಿತು; ಅಂದರೆ ಇಪ್ಪತ್ತು ಎಕರೆಯ ಇಂಗುನೀರನ್ನು ಒಂದೆಕರೆ ಭತ್ತ ಕುಡಿಯುವುದು, ನಲವತ್ತೆಂಟು ಸಂಸಾರಗಳ ವರ್ಷದ ನೀರನ್ನು ಒಂದೇ ಗದ್ದೆ ನುಂಗುವುದು. ಭತ್ತವನ್ನು ಬಿಟ್ಟು ಹಿಪ್ಪುನೇರಳೆ, ಟೊಮೇಟೊ, ಹಸುವಿನ ಹಸಿರು ಮೇವು ಇವನ್ನು ಹನಿ ನೀರಾವರಿಯಲ್ಲಿ ಬೆಳೆಯುವ ರೈತರು ಈಗ ಅನೇಕರಿರುವರು. ಅಲ್ಲಿ ಎಕರೆಯ ಖರ್ಚು ನಿಶ್ಚಯವಾಗಿಯೂ ಕಡಿಮೆ. ಆದರೆ ಉಳಿಸಿದ ನೀರನ್ನು ನೆಲದಲ್ಲಿ ಬಿಡುವವರು ವಿರಳ. ಒಂದೆಕರೆಯಲ್ಲಿ ಉಳಿದುದರಿಂದ ಎರಡನೆಯ ಎಕರೆಗೆ ಕೊಳವೆಯನ್ನು ಎಳೆಯುವುದೇ ರೂಢಿ. ಬಿತ್ತಿದ ರಾಗಿ ಮಾತ್ರ ಮಳೆಯಲ್ಲೇ ಬೆಳೆದು ಬಾವಿಯ ತಂಟೆಗೆ ಹೋಗುವುದಿಲ್ಲ. ಆದರೆ ರಾಗಿಯಿಂದ ಬಾವಿಯ ಸಾಲ ತೀರದು.

ದೇಶದ ಒಟ್ಟು ಲೆಕ್ಕವೂ ಇದೇ ಬಗೆಯದು. ಜಗತ್ತಿನಲ್ಲಿ ನೆಲದೊಳಗಿನ ನೀರನ್ನು ಎಲ್ಲರಿಗಿಂತ ಹೆಚ್ಚಾಗಿ ತೆಗೆಯುವ ದೇಶ ಭಾರತ. ಕೇಂದ್ರ ಅಂತರ್ಜಲ ಮಂಡಲಿಯ 2023ರ ಅಂದಾಜಿನಂತೆ ಅದು ವರ್ಷಕ್ಕೆ 241 ಘನ ಕಿಲೋಮೀಟರು. ಅದರಲ್ಲಿ ನೂರಕ್ಕೆ 87ರಷ್ಟು ಬೇಸಾಯಕ್ಕೆ. ತೆಗೆಯಬಹುದಾದುದರಲ್ಲಿ ನೂರಕ್ಕೆ 59 ಪಾಲು ಮಾತ್ರ ತೆಗೆಯುತ್ತಿರುವೆವೆಂದು ಅದೇ ಅಂದಾಜು ಹೇಳುವುದರಿಂದ ಕೆಲವರು ನೆಮ್ಮದಿಗೊಳ್ಳುವರು. ಆದರೆ ಅಸ್ಸಾಮಿನ ನೀರಿಗೂ ಕೋಲಾರದ ಬರಕ್ಕೂ ಸರಾಸರಿಯನ್ನು ಕಟ್ಟಿದರೆ ಯಾರ ಬಾಯಾರಿಕೆ ತೀರೀತು?

ಸಾಲದ ವಿಚಾರವನ್ನು ಸಂಕೋಚದಿಂದಲೇ ಎತ್ತಬೇಕಾಗಿದೆ. ಕೊರೆಯುವ ಲಾರಿಗೆ ಅಡಿಯ ಲೆಕ್ಕದಲ್ಲಿ ಹಣ. ನೀರು ಬಂದರೂ ಸರಿ, ಬೂದಿ ಹಾರಿದರೂ ಸರಿ. ಒಂದು ಹಳ್ಳಿಯಲ್ಲಿ ನಾಲ್ಕನೆಯ ಬಾವಿಯನ್ನು ಕೊರೆಯಿಸುತ್ತಿದ್ದ ಒಬ್ಬ ಹಿರಿಯರನ್ನು, ಸಾಕು ಮಾಡಬಾರದೆ ಸ್ವಾಮಿ ಎಂದು ನಾವು ಕೇಳಿದೆವು. “ಮೂರರಲ್ಲಿ ಕಳೆದುದನ್ನು ಎಲ್ಲಿಂದ ತರಲಿ? ನಾನು ಬಿಟ್ಟರೆ ಪಕ್ಕದವನು ಬಿಡುವನೆ?” ಎಂದರು. ಎರಡಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಯಂತ್ರದ ಸದ್ದಿನಲ್ಲಿ ಮಾತೂ ಮುಂದುವರಿಯಲಿಲ್ಲ.

ಆಳದ ನೀರಿಗೆ ಇನ್ನೊಂದು ದೋಷವುಂಟು. ಬಹುಕಾಲ ಗ್ರಾನೈಟಿನ ಸಂಗದಲ್ಲಿದ್ದ ನೀರು ಫ್ಲೋರೈಡನ್ನು ಕರಗಿಸಿಕೊಳ್ಳುವುದು. ಲೀಟರಿಗೆ ಒಂದೂವರೆ ಮಿಲಿಗ್ರಾಮು ಮೀರಿದರೆ ಮಕ್ಕಳ ಹಲ್ಲು ಕಂದುವುದು. ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ ಬಿರುಸಾಗಿ ಬೆನ್ನು ಬಾಗುವುದು. ಈ ರೋಗವನ್ನು ನಮ್ಮ ದೇಶದಲ್ಲಿ 1937ರಲ್ಲಿಯೇ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿದ್ದರು.

ಪಟ್ಟಣದವರು ಈ ಕಥೆಯಿಂದ ಹೊರಗಿರುವರೆಂದು ತಿಳಿಯಬಾರದು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, 1974ರಿಂದ ಕಾವೇರಿಯಿಂದಲೂ ನೀರು ಬಂದಿತು. ಕಾವೇರಿ ತಲುಪದ ಹೊಸ ಬಡಾವಣೆಗಳು ನೆಲವನ್ನು ಕೊರೆದುವು. 2024ರ ಬೇಸಗೆಯಲ್ಲಿ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದುವೆಂದು ಸರ್ಕಾರವೇ ಹೇಳಿತು. ಆ ನಗರವು ಬಳಸಿ ಬಿಟ್ಟ ನೀರೇ, ಎರಡು ಹಂತಗಳಲ್ಲಿ ಶುದ್ಧಿಯಾಗಿ, 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವುದು ವಿಚಿತ್ರವಾದ ಸಂಬಂಧ. ಕೋರಮಂಗಲ ಚಲ್ಲಘಟ್ಟ ಕಣಿವೆಯ ಈ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರು. ಕೆರೆ ತುಂಬಿದೆಡೆ ಸುತ್ತಣ ಬಾವಿಗಳಿಗೆ ನೀರೇರಿದುದನ್ನು ರೈತರು ಸಂತೋಷದಿಂದ ತೋರಿಸುವರು. ಮೊದಲ ವರ್ಷವೇ ನೊರೆ ಕಾಣಿಸಿಕೊಂಡು ವ್ಯಾಜ್ಯವು ನ್ಯಾಯಾಲಯವನ್ನು ಸೇರಿತು. ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂಬ ಬೇಡಿಕೆ ನ್ಯಾಯವಾದುದೆಂದು ನಮ್ಮ ಅಭಿಪ್ರಾಯ. ಕೆರೆಗೆ ಬಿಟ್ಟ ನೀರು ಇಂಗಿ, ಇನ್ನೊಬ್ಬರ ಕುಡಿಯುವ ಬಾವಿಗೆ ಹೋಗದೆ ಇರುವುದಿಲ್ಲ.

ಕಾನೂನು ಏನು ಹೇಳುವುದು? 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ತನ್ನ ನೆಲದ ಕೆಳಗಿನ ನೀರನ್ನು ತೆಗೆದುಕೊಳ್ಳಲು ಭೂಮಿಯ ಒಡೆಯನಿಗೆ ಹಕ್ಕುಂಟು. ಗೊತ್ತುಮಾಡಿದ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕೊರೆಯಕೂಡದೆಂದು ಕರ್ನಾಟಕದಲ್ಲಿ 2011ರಲ್ಲಿ ಕಾಯಿದೆಯಾಯಿತು. ರಾತ್ರಿ ಬಂದು ಬೆಳಗಾಗುವುದರೊಳಗೆ ಕೆಲಸ ಮುಗಿಸಿ ಹೋಗುವ ಲಾರಿಯನ್ನು ಯಾವ ಅಮಲ್ದಾರನು ಕಾಯಬಲ್ಲನು?

ಹಿಂದೆ ಕೆರೆಯ ನೀರಿಗೆ ನೀರುಗಂಟಿಯಿದ್ದನು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಅರ್ಧವನ್ನೇ ಬಿತ್ತಿ, ಆ ನೆಲವನ್ನು ಎಲ್ಲರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಹಂಚಿಕೊಡುವ ದಾಮಾಷಾ ಎಂಬ ಕ್ರಮವಿದ್ದಿತು. ಆ ಕಾಲದಲ್ಲಿ ಜಾತಿಯ ಕಟ್ಟುಗಳೂ ಅನ್ಯಾಯಗಳೂ ಇದ್ದುವು. ಅವನ್ನು ಮರಳಿ ತರಬೇಕಾಗಿಲ್ಲ. ಆದರೆ ಇರುವ ನೀರನ್ನು ಅಳೆದ ಮೇಲೆ ಬೆಳೆಯನ್ನು ನಿಶ್ಚಯಿಸುವ ಆ ಪದ್ಧತಿ ಇಂದಿಗೂ ಸಲ್ಲುವುದು. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿಯವರು ಮಳೆಯನ್ನು ಅಳೆದು, ಊರಿನ ಸಭೆಯಲ್ಲಿ ಲೆಕ್ಕವೊಪ್ಪಿಸಿ, ಬೇಸಾಯಕ್ಕೆ ಕೊಳವೆಬಾವಿಯನ್ನೂ ಕಬ್ಬನ್ನೂ ಬಿಟ್ಟು ನಡೆಯುತ್ತಿರುವರು. 2019ರ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಪಂಚಾಯಿತಿಗಳು ಇಂತಹ ನೀರಿನ ಆಯವ್ಯಯವನ್ನು ಬರೆಯಬೇಕೆಂದು ಏರ್ಪಾಡಾಯಿತು. ಇದಕ್ಕೆ ಬೇಕಾದುದು ಮಳೆಯ ಮಾಪಕವೊಂದು, ಗುರುತು ಹಾಕಿದ ಹಗ್ಗವೊಂದು, ಊರಿನ ನಾಲ್ಕು ಹಳೆಯ ಬಾವಿಗಳು ಮತ್ತು ಒಂದು ಪುಸ್ತಕ. ನೆರೆಯವನೂ ಅದೇ ಪುಸ್ತಕವನ್ನು ನೋಡಿ ಅದೇ ಸಭೆಯಲ್ಲಿ ಒಪ್ಪಿದ್ದಾನೆಂದು ತಿಳಿದರೆ ಮಾತ್ರ ಆ ಹಿರಿಯರ ಎರಡನೆಯ ಪ್ರಶ್ನೆಗೆ ಉತ್ತರ ಹುಟ್ಟೀತು. ಕೋಲಾರದ ಕಡೆ ಇದಕ್ಕೆ ತಕ್ಕ ಕಾಲ ಕಾರ್ತಿಕ ಮಾಸ. ಹಿಂಗಾರು ಮುಗಿಯುತ್ತ ಬಂದು, ಬೇಸಗೆಯ ಬೆಳೆಗೆ ಸಸಿಯನ್ನು ಇನ್ನೂ ಯಾರೂ ನೆಡದಿರುವ ಹೊತ್ತು.